ಆಲೂರು ಕಡೆಯ ನಮ್ಮ ಚಿಕ್ಕ ಬ್ಯಾಪ್ಟಿಸ್ಟ್ ಸಭೆ: ಪುಸ್ತಕದ ಮೇಲೆ ಯಾವ ಇಸವಿ ಹಾಕಬೇಕು?

ಕಾಲುವೆ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಕರ್ನೂಲು ಜಿಲ್ಲೆ, ಆಲೂರು ಕಡೆಯ ಒಂದು ಸಣ್ಣ ಊರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಗುಡಿ ಒಳಗೆ ಎರಡೂ. ಗುಡಿ ಅಂದರೆ ನಮ್ಮ ಬ್ಯಾಪ್ಟಿಸ್ಟ್ ಗುಡಿ. ಮೂವತ್ತು ಮನೆಯವರು ಸೇರುವ ಜಾಗ, ತಗಡಿನ ಮಾಡು, ಒಂದು ಗಂಟೆ.

ಈಗ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುತ್ತಿದ್ದೇವೆ. ಅದರ ಉದ್ಘಾಟನೆಗೆ ಒಂದು ಚಿಕ್ಕ ಪುಸ್ತಕ ಮಾಡೋಣ, ಸಭೆಯ ಚರಿತ್ರೆ ಇರಲಿ ಅಂತ ಹಿರಿಯರು ಹೇಳಿದರು. ನಾನು ಓದಿದವನು ಅಂತ ನನ್ನ ತಲೆಗೆ ಕಟ್ಟಿದರು. ಓದಿದ್ದು ಡಿಪ್ಲೊಮಾ ಮೆಕ್ಯಾನಿಕಲ್, ಅದು ಬೇರೆ ಮಾತು.

ತೊಂದರೆ ಶುರುವಾಗಿದ್ದು ಮುಖಪುಟದಲ್ಲಿ. ಒಬ್ಬ ಹಿರಿಯರು "ಸ್ಥಾಪನೆ 1878" ಅಂತ ಹಾಕಿಸು ಅಂತಾರೆ. ಎಲ್ಲಿಂದ ಬಂತು ಈ ಇಸವಿ ಅಂದರೆ, "ಒಂಗೋಲು ಗೊತ್ತಿಲ್ವೇನೋ?" ಅಂತ ನನ್ನನ್ನೇ ಬೈಯುತ್ತಾರೆ. ನನ್ನ ಕೈಯಲ್ಲಿ ಇರುವುದು ಒಂದು ತಗಡಿನ ಟ್ರಂಕು. ಒಳಗೆ ಸದಸ್ಯರ ಪುಸ್ತಕ, ನಡಾವಳಿ ಪುಸ್ತಕ, ಗೆದ್ದಲು ತಿಂದ ಒಂದು ಜಾಗದ ಪತ್ರ, ಇನ್ನೊಂದಷ್ಟು ಚೀಟಿ. ಎಲ್ಲಿಂದ ಶುರು ಮಾಡಲಿ?

ಮಡಕಶಿರಾ ಮಂಜ:
ಮೊದಲು ನನ್ನಂಥವರಿಗೆ ಒಂದು ವಿಷಯ ಹೇಳಿ. ಬ್ಯಾಪ್ಟಿಸ್ಟ್ ಅಂದರೆ ಯಾರು? ನಮ್ಮ ಕಡೆ ಎಲ್ಲರಿಗೂ ಒಟ್ಟಾಗಿ "ಮಿಷನ್ನಿನವರು" ಅಂದುಬಿಡುತ್ತೇವೆ. 1878 ಏನು, ಒಂಗೋಲು ಏನು?

ಕರ್ನೂಲು ಸೊಸೆ:
ನಾನು ಹೇಳುತ್ತೇನೆ, ನನ್ನ ತವರು ಪಕ್ಕಾ ತೆಲುಗು ಬ್ಯಾಪ್ಟಿಸ್ಟ್ ಮನೆ. ಮದುವೆಯಾಗಿ ಕನ್ನಡದ ಮನೆಗೆ ಬಂದೆ. ತಪ್ಪಿದ್ದರೆ ತಿದ್ದಿ.

ಮಗುವಿಗೆ ನಾವು ದೀಕ್ಷಾಸ್ನಾನ ಕೊಡುವುದಿಲ್ಲ. ಬೆಳೆದು, ಬುದ್ಧಿ ಬಂದು, ತಾನೇ ಬಾಯಿಬಿಟ್ಟು "ನಂಬುತ್ತೇನೆ" ಅಂದ ಮೇಲೆ ಕೊಡುವುದು. ಅದೂ ತಲೆಗೆ ನೀರು ಚಿಮುಕಿಸುವುದಲ್ಲ, ಪೂರ್ತಿ ಮುಳುಗಿಸಿ ಎಬ್ಬಿಸುವುದು. ಇನ್ನೊಂದು, ನಮಗೆ ಬಿಷಪ್ ಇಲ್ಲ. ಪ್ರತಿ ಸಭೆಯೂ ತನ್ನ ಪಾದ್ರಿ, ತನ್ನ ದುಡ್ಡು, ತನ್ನ ಜಗಳ ತಾನೇ ನೋಡಿಕೊಳ್ಳುತ್ತದೆ. ಜಗಳ ಸ್ವಲ್ಪ ಜಾಸ್ತಿಯೇ.

ಇನ್ನು ಒಂಗೋಲು, ಅದು ಆಂಧ್ರದ ಸಮುದ್ರದ ಕಡೆಯ ಊರು. ಅಮೆರಿಕದ ಬ್ಯಾಪ್ಟಿಸ್ಟರಲ್ಲಿ ಸ್ಯಾಮ್ಯುಯೆಲ್ ಡೇ ಅಂತ ಒಬ್ಬರು 1836ರಲ್ಲಿ ತೆಲುಗು ನಾಡಿಗೆ ಬಂದರು, 1840ರಲ್ಲಿ ನೆಲ್ಲೂರಿನಲ್ಲಿ ನೆಲೆ ನಿಂತರು. ವರ್ಷಗಟ್ಟಲೆ ಕೆಲಸ ಮಾಡಿದರೂ ಸೇರಿದವರು ಬೆರಳೆಣಿಕೆಯಷ್ಟು. 1853ರಲ್ಲಿ ಅಮೆರಿಕದ ಸಭೆಯಲ್ಲಿ ಈ ಮಿಷನ್ನನ್ನು ಮುಚ್ಚಿಬಿಡೋಣ ಅನ್ನುವ ಮಾತೂ ಬಂತು. ನಕ್ಷೆಯಲ್ಲಿ ಒಂಟಿ ಚುಕ್ಕಿಯ ಹಾಗೆ ಇತ್ತು ಅಂತ ಅದಕ್ಕೆ "ಒಂಟಿ ನಕ್ಷತ್ರ" ಅಂತಲೇ ಹೆಸರು ಬಿತ್ತು. ಮಾರನೇ ವರ್ಷ, 1854ರ ಜನವರಿ 1ರ ಬೆಳಗಿನ ಜಾವ ಅದೇ ಮಿಷನ್ನಿನ ಜೂಯೆಟ್ ದೊರೆಗಳು, ಅವರ ಹೆಂಡತಿ, ಜೊತೆಗೆ ಕೆಲವು ತೆಲುಗಿನವರು ಒಂಗೋಲಿನ ಗುಡ್ಡ ಹತ್ತಿ ಪ್ರಾರ್ಥನೆ ಮಾಡಿದರು. ಇವತ್ತಿಗೂ ಅದನ್ನು ಪ್ರಾರ್ಥನೆಯ ಗುಡ್ಡ ಅಂತಾರೆ.

ಆಮೇಲೆ 1866ರಲ್ಲಿ ಜಾನ್ ಕ್ಲೌ ಒಂಗೋಲಿಗೆ ಬಂದರು. ಹತ್ತು ವರ್ಷಕ್ಕೆ ದೊಡ್ಡ ಬರ, 1876ರಿಂದ 78. ಕ್ಲೌ ಮೊದಲು ಸರ್ವೆ ಕೆಲಸ ಕಲಿತವರು. ಬಕಿಂಗ್‌ಹ್ಯಾಮ್ ಕಾಲುವೆಯ ಕೆಲವು ಮೈಲಿಯ ಗುತ್ತಿಗೆ ಹಿಡಿದು ಹಸಿದವರಿಗೆ ಮಣ್ಣಿನ ಕೆಲಸ, ಕೂಲಿ ಕೊಟ್ಟರು. ಆದರೆ ಬರ ಇರುವ ತನಕ ದೀಕ್ಷಾಸ್ನಾನ ನಿಲ್ಲಿಸಿಬಿಟ್ಟರು. ಗಂಜಿಗೋಸ್ಕರ ಬಂದವರು ಅಂತ ಯಾರೂ ಅನ್ನಬಾರದು ಅಂತ. ಬರ ಕಳೆದ ಮೇಲೂ ಜನ ಬಿಡಲಿಲ್ಲ. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ನೀರಿಗೆ ಇಳಿದರು. ಆರು ಬೋಧಕರು, ಒಮ್ಮೆಗೆ ಇಬ್ಬರು ನೀರಿನಲ್ಲಿ ನಿಲ್ಲುವುದು, ದಣಿದರೆ ಇನ್ನಿಬ್ಬರು. ಮುಳುಗಿಸಿದವರು ಎಲ್ಲರೂ ತೆಲುಗಿನ ಬೋಧಕರೇ. ಕ್ಲೌ ಅವತ್ತು ದಡದಲ್ಲಿದ್ದರು.

ನಿಮ್ಮ ಹಿರಿಯರ 1878 ಇದೇ.

ಬಳ್ಳಾರಿ ಗಡಿಯಾರ:
ಚೆನ್ನಾಗಿ ಹೇಳಿದಿರಿ. ಆದರೆ ಒಂಗೋಲಿಗೂ ಆಲೂರಿಗೂ ಏನು ಸಂಬಂಧ? ಅದು ಸಮುದ್ರದ ಕಡೆ, ಇದು ಹಗರಿ ನದಿ ಕಡೆ. ಅಲ್ಲಿಯ ನೀರು ಇಲ್ಲಿಗೆ ಹರಿದು ಬರಲಿಲ್ಲ.

ಆಲೂರು, ಆದೋನಿ, ರಾಯದುರ್ಗ ಮೂರೂ ಆಗ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಈ ಮೂರು ತಾಲೂಕು ಆ ಕಡೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಬಳ್ಳಾರಿಯಲ್ಲಿ ಇದ್ದದ್ದು ಲಂಡನ್ ಮಿಷನ್. ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದು ಕೂತವರು. ಪೂರ್ತಿ ಕನ್ನಡ ಬೈಬಲ್ 1831ರಲ್ಲಿ ಹೊರಬಂದದ್ದು ನಮ್ಮ ಬಳ್ಳಾರಿಯಿಂದ. ವಾರ್ಡ್ಲಾ ಶಾಲೆ ಅವರದೇ. ಅವರು ಮಗುವಿಗೇ ದೀಕ್ಷಾಸ್ನಾನ ಕೊಡುವವರು, ಬ್ಯಾಪ್ಟಿಸ್ಟರಲ್ಲ. ಕರ್ನೂಲಿನ ಕಡೆ ಅಮೆರಿಕನ್ ಬ್ಯಾಪ್ಟಿಸ್ಟರು. ಕೋಲ್ಸ್ ಮೆಮೋರಿಯಲ್ ಶಾಲೆ ನೋಡಿದ್ದೀರಲ್ಲ, ಅದು ಅವರದು. ಒಬ್ಬರ ಹೊಲಕ್ಕೆ ಇನ್ನೊಬ್ಬರು ನುಗ್ಗಬಾರದು ಅಂತ ಮಿಷನ್ನುಗಳ ನಡುವೆ ಒಪ್ಪಂದ ಇರುತ್ತಿತ್ತು.

ಹಾಗಾದರೆ ಲಂಡನ್ ಮಿಷನ್ನಿನ ಹೊಲದಲ್ಲಿ ನಿಮ್ಮ ಬ್ಯಾಪ್ಟಿಸ್ಟ್ ಗಿಡ ಹೇಗೆ ಹುಟ್ಟಿತು? ನಿಮ್ಮ ಪುಸ್ತಕದ ಮೊದಲ ಪ್ರಶ್ನೆ ಇದು ಆಗಬೇಕು. ಒಂಗೋಲು ಅಲ್ಲ.

ರಾಯದುರ್ಗದ ಮೇಷ್ಟ್ರು:
ಗಡಿಯಾರದವರ ಪ್ರಶ್ನೆಗೆ ನನ್ನ ಊಹೆ ಮೂರು. ಒಂದು ಮದುವೆ: ಸೊಸೆಯಂದಿರು ಕರ್ನೂಲು ಕಡೆಯಿಂದ ಬರುತ್ತಾರೆ, ನಂಬಿಕೆಯನ್ನು ಗಂಟಿನಲ್ಲಿ ಕಟ್ಟಿಕೊಂಡು. ಎರಡನೆಯದು ಕೂಲಿ. ಆದೋನಿಯಲ್ಲಿ ಹತ್ತಿ ಜಿನ್ನು, ಗುಂತಕಲ್ಲಿನಲ್ಲಿ ರೈಲು, ಆಮೇಲೆ ಕಾಲುವೆ ಕೆಲಸ. ಮೂರನೆಯದನ್ನು ಯಾರೂ ಬರೆಯುವುದಿಲ್ಲ, ಜಗಳ. ಒಂದು ಸಭೆಯಲ್ಲಿ ಮುನಿಸಿಕೊಂಡವರು ಹೊರಗೆ ಬಂದು ಇನ್ನೊಂದು ಮಾಡುತ್ತಾರೆ. ಬ್ಯಾಪ್ಟಿಸ್ಟರಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ.

1947ರ ಸೆಪ್ಟೆಂಬರ್ 27ಕ್ಕೆ ಹಲವು ಮಿಷನ್ನುಗಳ ಸಭೆಗಳು ಒಂದಾಗಿ, ಬಿಷಪ್ ಇರುವ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ಲಂಡನ್ ಮಿಷನ್ನಿನವರ ಸಭೆಗಳು ಒಳಗೆ ಹೋದವು, ಬ್ಯಾಪ್ಟಿಸ್ಟರು ಹೊರಗೇ ಉಳಿದರು. ಆಗ ಕೆಲವರಿಗೆ ಬಿಷಪ್ ಬೇಡ ಅನ್ನಿಸಿರಬಹುದು. ಇದು ನನ್ನ ಊಹೆ ಮಾತ್ರ, ಮೇಷ್ಟ್ರು ಹೇಳಿದರು ಅಂತ ಅಚ್ಚು ಹಾಕಿಸಬೇಡಿ.

ಅಂದ ಹಾಗೆ ಕನ್ನಡಕ್ಕೂ ಬ್ಯಾಪ್ಟಿಸ್ಟರಿಗೂ ಹಳೇ ನಂಟಿದೆ. ಸೇರಾಂಪುರದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್. ಅವರು 1817ರಲ್ಲೇ ಕನ್ನಡದ ಒಂದು ವ್ಯಾಕರಣ ಅಚ್ಚು ಹಾಕಿಸಿದರು. ಬಂಗಾಳದಲ್ಲಿ ಕೂತು!

ಕಾಲುವೆ ದಂಡೆ:
ಜಗಳ ಅಂದಿರಲ್ಲ ಮೇಷ್ಟ್ರೇ, ನಡಾವಳಿ ಪುಸ್ತಕದಲ್ಲಿ ಅದೇ ಇದೆ! ಅರ್ಧ ಪುಸ್ತಕ ಗಂಟೆ ಬಾರಿಸುವ ಹಗ್ಗ ಯಾರು ಕೊಡಿಸಬೇಕು ಅನ್ನುವುದರ ಮೇಲೆ.

ಇನ್ನೊಂದು ವಿಚಿತ್ರ. ನಡಾವಳಿ ಬರೆದಿರುವುದು ತೆಲುಗಿನಲ್ಲಿ. ಆದರೆ ಜಗಳ ಬಂದ ಕೂಡಲೇ ಕನ್ನಡಕ್ಕೆ ತಿರುಗುತ್ತದೆ. "ಅಣ್ಣ ಹೇಳಿದ್ದು ಸುಳ್ಳು ಅಂತ ತಮ್ಮ ಹೇಳಿದನು" ಅಂತ ಒಂದು ಪುಟದಲ್ಲಿ ಅಚ್ಚ ಕನ್ನಡ, ಅದೂ ತೆಲುಗು ಲಿಪಿಯಲ್ಲಿ. ಬರೆದವರು ಬಹುಶಃ ಮಾತು ಕೇಳಿದ ಹಾಗೇ ಇಳಿಸಿಬಿಟ್ಟರು.

ಕರ್ನೂಲು ಸೊಸೆ:
ನಮ್ಮ ಗಂಡನ ಮನೆಯಲ್ಲೂ ಹೀಗೇ! ತೆಲುಗಿನಲ್ಲಿ ಪ್ರಾರ್ಥನೆ, ಕನ್ನಡದಲ್ಲಿ ಜಗಳ. ಹಾಡು ಮಾತ್ರ ಪುರುಷೋತ್ತಮ ಚೌಧರಿಯವರ ತೆಲುಗು ಕೀರ್ತನೆ. ಅತ್ತೆಗೆ ಅರ್ಥ ಅರ್ಧ ಗೊತ್ತು, ರಾಗ ಪೂರ್ತಿ ಗೊತ್ತು.

ನಾವು "ಸಂಘಂ" ಅಂತೀವಿ, ಕನ್ನಡದಲ್ಲಿ "ಸಭೆ". ನಿಮ್ಮ ಪುಸ್ತಕದಲ್ಲಿ ಯಾವುದು?

ಕಾಲುವೆ ದಂಡೆ:
ಅದಕ್ಕೂ ಒಂದು ಮೀಟಿಂಗ್ ಆಗಬೇಕು ನೋಡಿ.

ಹಳೇ ಕಡತ:
ನೋಂದಣಿ ಕಚೇರಿಯಲ್ಲಿ ಜೀವನ ಸವೆಸಿದವನು ನಾನು. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಆ ಗೆದ್ದಲು ತಿಂದ ಪತ್ರದ ಬಗ್ಗೆ ಯಾರೂ ಕೇಳಲೇ ಇಲ್ಲ, ಅಲ್ವಾ?

ಊರಿನ ಸಭೆ ಯಾವಾಗ ಶುರುವಾಯಿತು ಅಂತ ಯಾರಿಗೂ ನೆನಪಿರುವುದಿಲ್ಲ. ಮರದ ಕೆಳಗೆ ನಾಲ್ಕು ಜನ ಹಾಡಿದ ದಿನ ಯಾರು ಬರೆದಿಡುತ್ತಾರೆ? ಆದರೆ ಜಾಗ ತೆಗೆದುಕೊಂಡ ದಿನ ಕಾಗದದ ಮೇಲೆ ಬರುತ್ತದೆ. ಪತ್ರದ ಮೇಲೆ ಇವು ನೋಡಿ. ಜಿಲ್ಲೆ ಯಾವುದು ಅಂತ ಬರೆದಿದೆ? ಛಾಪಾ ಕಾಗದದ ಮೇಲೆ ರಾಜನ ಮುಖ ಇದೆಯಾ, ಸಿಂಹದ ಲಾಂಛನವಾ? ದುಡ್ಡು ಆಣೆಯಲ್ಲೋ ಪೈಸೆಯಲ್ಲೋ? ಹಿಂದಿನ ಮಗ್ಗುಲಲ್ಲಿ ಮಸಿ ಮೊಹರು, ನಂಬರ್ ಇದೆಯಾ?

ಕಾಲುವೆ ದಂಡೆ:
ಟ್ರಂಕು ಹಿರಿಯರ ಮನೆಯಲ್ಲಿದೆ. ಭಾನುವಾರ ನೋಡಿ ಹೇಳುತ್ತೇನೆ.

ಮಡಕಶಿರಾ ಮಂಜ:
ಧಾರಾವಾಹಿ ಆಯಿತು ಇದು. ಭಾನುವಾರದ ತನಕ ಕಾಯಬೇಕಾ?

ಬಳ್ಳಾರಿ ಗಡಿಯಾರ:
ಅಷ್ಟರಲ್ಲಿ ಸದಸ್ಯರ ಪುಸ್ತಕದ ಬಗ್ಗೆ ಒಂದು ಎಚ್ಚರಿಕೆ. ಬೇರೆ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕ ನೋಡಿ ಹುಟ್ಟಿದ ವರ್ಷ ಲೆಕ್ಕ ಹಾಕಬಹುದು. ಬ್ಯಾಪ್ಟಿಸ್ಟರದು ಹಾಗಲ್ಲ. ಹದಿನಾರರ ಹುಡುಗಿಯೂ ಇರುತ್ತಾಳೆ, ಎಪ್ಪತ್ತರ ಮುದುಕನೂ ಇರುತ್ತಾನೆ. ಹೆಸರು ಬರೆದ ವರ್ಷ ಅವರು ಹುಟ್ಟಿದ ವರ್ಷ ಅಲ್ಲ.

ಗೆಜೆಟಿಯರ್, ಅಂದರೆ ಜಿಲ್ಲೆಯ ಸರ್ಕಾರಿ ಮಾಹಿತಿ ಪುಸ್ತಕ ಬೇಕಾದರೆ ಬಳ್ಳಾರಿಯದು ಡಬ್ಲ್ಯೂ. ಫ್ರಾನ್ಸಿಸ್ ಬರೆದದ್ದು, 1904. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕರ್ನೂಲಿನ ಹಳೇ ಪುಸ್ತಕ ನೋಡಿ ನಿಮ್ಮ ಊರು ಇಲ್ಲ ಅಂತ ಕೈಚೆಲ್ಲಬೇಡಿ. ಆಗ ನೀವು ಬಳ್ಳಾರಿಯವರು. ಲಂಡನ್ ಮಿಷನ್ನಿನ ಕಾಗದಗಳು ಲಂಡನ್ನಿನಲ್ಲಿ ಇವೆ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲೂ ಒಳ್ಳೆಯ ದಾಖಲೆ ಸಂಗ್ರಹ ಇದೆ, ಬಸ್ಸು ಹತ್ತಿದರೆ ಹೋಗಿಬರಬಹುದು.

ಸುಣ್ಣದ ಗೋಡೆ:
ಹೊಸಬಳು, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಪುಸ್ತಕದಲ್ಲಿ ಹೆಸರು ಅಚ್ಚು ಹಾಕುವ ಮುಂಚೆ ಆ ಮನೆಯವರನ್ನು ಕೇಳಿ. ದಯವಿಟ್ಟು.

ನಮ್ಮ ತಾಲೂಕಿನ ಒಂದು ಸಭೆ ಇಂಥದೇ ಪುಸ್ತಕ ಮಾಡಿತು. ಹಳೇ ಸದಸ್ಯರ ಪಟ್ಟಿ ಪೂರ್ತಿ ಹಾಕಿದರು, ಅಪ್ಪನ ಹೆಸರು, ಕೇರಿ, ಎಲ್ಲ. ನಮ್ಮ ಚಿಕ್ಕಪ್ಪನ ಹೆಸರೂ ಇತ್ತು. ಮುಂದೆ ಮಗನ ಜಾತಿ ಪತ್ರಕ್ಕೆ ಹೋದಾಗ ಯಾರೋ ಅದೇ ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರಾದರೆ ಪರಿಶಿಷ್ಟ ಜಾತಿಯ ಲೆಕ್ಕಕ್ಕೆ ಬರುವುದಿಲ್ಲ. ಆಂಧ್ರದಲ್ಲಿ ಅವರಿಗೆ ಹಿಂದುಳಿದ ವರ್ಗಗಳಲ್ಲಿ ಬಿಸಿ-ಸಿ ಅಂತ ಬೇರೆ ಗುಂಪು. ಚಿಕ್ಕಪ್ಪ ಗುಡಿಗೆ ಹೋಗುವುದು ಬಿಟ್ಟು ಎಷ್ಟೋ ಕಾಲ ಆಗಿತ್ತು. ಆದರೂ ಅಲೆದಾಟ ತಪ್ಪಲಿಲ್ಲ. ಕೇರಿ ಅಂಟಿಕೊಂಡೇ ಇತ್ತು, ಸವಲತ್ತು ಮಾತ್ರ ಹೋಯಿತು.

ಗುಡಿಗೊಂದು, ಕಾಗದಕ್ಕೊಂದು ಅಂತ ಎರಡು ಹೆಸರು ಇಟ್ಟುಕೊಂಡವರು ಸುಮ್ಮನೆ ಇಟ್ಟುಕೊಂಡಿರುವುದಿಲ್ಲ.

ಕಾಲುವೆ ದಂಡೆ:
ಅಕ್ಕಾ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಪಟ್ಟಿ ಹಾಕುವ ಆಲೋಚನೆ ನನಗೂ ಇತ್ತು. ಬಿಟ್ಟೆ. ಮನೆಮನೆಗೆ ಹೋಗಿ ಕೇಳಿ, ಒಪ್ಪಿದವರ ಹೆಸರು ಮಾತ್ರ.

ಕರ್ನೂಲು ಸೊಸೆ:
ಸುಣ್ಣದ ಗೋಡೆಯವರು ಹೇಳಿದ್ದು ನಿಜ. ಒಂಗೋಲಿನ ಆ 2,222 ಜನರಲ್ಲೂ ಹೆಚ್ಚಿನವರು ಮಾದಿಗ ಕೇರಿಯವರೇ. ನಮ್ಮ ಪುಸ್ತಕಗಳಲ್ಲಿ ದೊರೆಗಳ ಹೆಸರು ಪುಟಕ್ಕೆ ನಾಲ್ಕು ಬಾರಿ ಬರುತ್ತದೆ, ಇವರು ಬರೀ ಸಂಖ್ಯೆ. ಒಬ್ಬರು ಇದ್ದಾರೆ, ಯರ್ರಗುಂಟ್ಲ ಪೇರಯ್ಯ. ಕ್ಲೌ ಒಂಗೋಲಿಗೆ ಬಂದ ಹೊಸದರಲ್ಲೇ ತನ್ನ ಊರಿನ ಬಂಧುಬಳಗವನ್ನು ಕರೆತಂದವರು. ಪೇರಯ್ಯ ಇಲ್ಲದಿದ್ದರೆ ಕ್ಲೌ ಇಲ್ಲ ಅಂತ ನಮ್ಮ ತಾತ ಹೇಳುತ್ತಿದ್ದರು.

ಕಾಲುವೆ ದಂಡೆ (ಭಾನುವಾರ ರಾತ್ರಿ):
ನೋಡಿದೆ. ಕೇಳಿ.

ಪತ್ರದ ತಲೆಯಲ್ಲಿ "ಬಳ್ಳಾರಿ ಜಿಲ್ಲೆ, ಆಲೂರು ತಾಲೂಕು" ಅಂತ ಸ್ಪಷ್ಟವಾಗಿ ಇದೆ. ತಾರೀಖು ಇರಬೇಕಾದ ಮೂಲೆಯನ್ನೇ ಗೆದ್ದಲು ತಿಂದಿದೆ. ಗೆದ್ದಲಿಗೂ ಅದೇ ರುಚಿ. ಛಾಪಾ ಕಾಗದದ ಮೇಲೆ ಗಡ್ಡದ ರಾಜ. ಬೆಲೆ ರೂಪಾಯಿ, ಆಣೆ. ತೆಗೆದುಕೊಂಡವರು ಐದು ಜನ, ಎಲ್ಲರೂ ನಮ್ಮ ಊರಿನವರೇ, ಇಬ್ಬರು ಹೆಂಗಸರು. ಐದೂ ಹೆಬ್ಬೆಟ್ಟು. ದೊರೆ ಹೆಸರು ಎಲ್ಲೂ ಇಲ್ಲ.

ಹಳೇ ಕಡತ:
ಭಲೇ. ಬಳ್ಳಾರಿ ಜಿಲ್ಲೆ ಅಂದರೆ 1953ರ ಅಕ್ಟೋಬರಿಗೆ ಮುಂಚೆ. ಗಡ್ಡದವರಲ್ಲಿ ಇಬ್ಬರು ರಾಜರು. ಏಳನೇ ಎಡ್ವರ್ಡ್ 1910ರಲ್ಲಿ ತೀರಿಕೊಂಡ, ಐದನೇ ಜಾರ್ಜ್ 1936ರಲ್ಲಿ. ತಲೆ ಬೋಳಾಗಿದ್ದರೆ ಎಡ್ವರ್ಡ್, ಕೂದಲು ಬಾಚಿಕೊಂಡಿದ್ದರೆ ಜಾರ್ಜ್. ಹಳೇ ದಾಸ್ತಾನು ಒಂದೆರಡು ವರ್ಷ ಜಾಸ್ತಿ ನಡೆದಿರಬಹುದು, ಹಾಗಾಗಿ ಗೆರೆ ಎಳೆದ ಹಾಗೆ ಹೇಳಬೇಡಿ.

ಹಿಂದಿನ ಮಗ್ಗುಲು? ನೂರು ರೂಪಾಯಿಗೆ ಕಡಿಮೆ ಬೆಲೆಯ ಕ್ರಯಕ್ಕೆ ನೋಂದಣಿ ಕಡ್ಡಾಯ ಇರಲಿಲ್ಲ, ಜಾಗ ಕೈಗೆ ಕೊಟ್ಟರೆ ಸಾಕಿತ್ತು. ಬಡವರ ಗುಡಿಗಳ ಜಾಗ ಎಷ್ಟೋ ಕಡೆ ಹೀಗೇ ಕಾನೂನಿನ ಕಣ್ಣಿಗೆ ಬೀಳದೆ ಉಳಿದಿದೆ. ದಾನಪತ್ರ ಆದರೆ ಬೆಲೆ ಎಷ್ಟೇ ಇರಲಿ, ನೋಂದಣಿ ಬೇಕೇ ಬೇಕು.

ಕಾಲುವೆ ದಂಡೆ:
ಕೂದಲು ಇದೆ! ಜಾರ್ಜ್. ಹಿಂದೆ ದುಂಡು ಮೊಹರು ಇದೆ, ಮಸಿ ಹರಡಿದೆ. "1ನೇ ಪುಸ್ತಕ" ಅನ್ನುವುದು ಓದಕ್ಕೆ ಬರುತ್ತದೆ, ಪಕ್ಕದಲ್ಲಿ ಒಂದು ನಂಬರ್. ವರ್ಷದ ಮೇಲೆ ಯಾರೋ ಎಣ್ಣೆ ಚೆಲ್ಲಿದ್ದಾರೆ.

ಹಳೇ ಕಡತ:
1ನೇ ಪುಸ್ತಕ ಅಂದರೆ ಸ್ಥಿರಾಸ್ತಿಯದು. ಮೊಹರು ಬಿದ್ದಿದೆ ಅಂದ ಮೇಲೆ ನಕಲು ಎಲ್ಲೋ ಇದ್ದೇ ಇರಬೇಕು. ಊರಿನ ಹೆಸರು, ಕೊಟ್ಟವರ ಹೆಸರು ಹಿಡಿದು ಸೂಚಿ ಪುಸ್ತಕ ತೆಗೆಸಿ. ಬೆಳಿಗ್ಗೆ ಕಚೇರಿ ತೆಗೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನ ಹೋದರೆ "ನಾಳೆ ಬನ್ನಿ" ಅಂತಾರೆ. ನಾನೂ ಅಂದಿದ್ದೇನೆ.

ರಾಯದುರ್ಗದ ಮೇಷ್ಟ್ರು:
ಐದು ಹೆಬ್ಬೆಟ್ಟು, ಅದರಲ್ಲಿ ಎರಡು ಹೆಂಗಸರದು! ಇದರ ಚಿತ್ರ ಮುಖಪುಟಕ್ಕೆ ಹಾಕಿ. 1878 ಯಾಕೆ ಬೇಕು? ಬೇರೆಯವರ ಮದುವೆ ಫೋಟೋ ತಂದು ನಮ್ಮ ಗೋಡೆಗೆ ಹಾಕಿಕೊಂಡ ಹಾಗೆ.

ಕರ್ನೂಲು ಸೊಸೆ:
ಮೇಷ್ಟ್ರೇ, ಸ್ವಲ್ಪ ನಿಧಾನ. ಹಿರಿಯರಿಗೆ 1878 ಯಾಕೆ ಬೇಕು ಅಂದರೆ, ಆ ದಿನ ನಮ್ಮ ಜನ ತಲೆ ಎತ್ತಿದರು ಅನ್ನುವ ಹೆಮ್ಮೆ. ಅದನ್ನು ಕಿತ್ತುಕೊಳ್ಳಬೇಡಿ. ಒಳಗೆ ಒಂದು ಪುಟ ಒಂಗೋಲಿಗೆ ಕೊಡಲಿ. "ಸ್ಥಾಪನೆ" ಅಂತ ಮಾತ್ರ ಹಾಕುವುದು ಬೇಡ.

ಕಾಲುವೆ ದಂಡೆ:
ಹಿರಿಯರಿಗೆ ಇದೇ ಮಾತು ಹೇಳಿದೆ. ಮೊದಲು ಮುಖ ಉಬ್ಬಿಸಿದರು. ಹೆಬ್ಬೆಟ್ಟುಗಳನ್ನು ತೋರಿಸಿದ ಮೇಲೆ ಬಹಳ ಹೊತ್ತು ಪತ್ರ ಹಿಡಿದು ಕೂತರು. ಐವರಲ್ಲಿ ಒಬ್ಬರು ಅವರ ತಾತ. ಅವರಿಗೇ ಗೊತ್ತಿರಲಿಲ್ಲ! "ಇಸವಿ ಸಿಕ್ಕ ಮೇಲೆ ಅಚ್ಚಿಗೆ ಕೊಡು, ಅವಸರ ಬೇಡ" ಅಂದರು.

ಇನ್ನೊಂದು ಗಮನಿಸಿದೆ. ಸದಸ್ಯರ ಪುಸ್ತಕದಲ್ಲಿ ದೀಕ್ಷಾಸ್ನಾನದ ತಿಂಗಳುಗಳು ಹಳೇ ಪುಟಗಳಲ್ಲಿ ಚೆಲ್ಲಾಪಿಲ್ಲಿ. ಮಳೆ ಬಂದು ಹಳ್ಳದಲ್ಲಿ ನೀರು ನಿಂತಾಗ ಒಂದಷ್ಟು, ಮಧ್ಯೆ ವರ್ಷಗಟ್ಟಲೆ ಖಾಲಿ. ಆಮೇಲೆ ಒಂದು ಕಡೆಯಿಂದ ಪ್ರತಿ ವರ್ಷ ಶ್ರಾವಣದ ಹೊತ್ತಿಗೆ ಸಾಲಾಗಿ ಬರುತ್ತವೆ. ಅಮ್ಮನನ್ನು ಕೇಳಿದೆ. "ಕಾಲುವೆ ಬಂತಲ್ಲೋ" ಅಂದಳು. ತುಂಗಭದ್ರೆಯ ಕೆಳಮಟ್ಟದ ಕಾಲುವೆ! ನೀರು ಬಿಟ್ಟ ಮೇಲೆ ದೀಕ್ಷಾಸ್ನಾನ, ಬೇಸಿಗೆಯಲ್ಲಿ ನಿಲ್ಲಿಸಿದರೆ ಅದೂ ಬಂದ್. ನಮ್ಮ ಸಭೆಯ ಪಂಚಾಂಗ ಬರೆದವರು ಅಣೆಕಟ್ಟಿನ ಇಂಜಿನಿಯರು. ನನ್ನದೂ ಅದೇ ಕಾಲುವೆಯಲ್ಲಿ ಆಯಿತು. ನೀರು ಜೋರಾಗಿತ್ತು, ಪಾದ್ರಿಯ ಚಪ್ಪಲಿ ಹರಿದುಕೊಂಡು ಹೋಯಿತು.

ಮಡಕಶಿರಾ ಮಂಜ:
ಚಪ್ಪಲಿ ವಿಷಯ ಪುಸ್ತಕಕ್ಕೆ ಹಾಕಲೇಬೇಕು. ನಾನು ಒಂದು ಪ್ರತಿ ಕೊಳ್ಳುತ್ತೇನೆ.

ಬಳ್ಳಾರಿ ಗಡಿಯಾರ:
ನನಗೂ ಒಂದು. ಹಾಗಾದರೆ ಲಂಡನ್ ಮಿಷನ್ನಿನ ಹೊಲದಲ್ಲಿ ಹೇಗೆ ಅನ್ನುವ ನನ್ನ ಪ್ರಶ್ನೆ?

ಕಾಲುವೆ ದಂಡೆ:
ಮೇಷ್ಟ್ರ ಮೊದಲ ಊಹೆಯೇ ಗೆಲ್ಲುವ ಹಾಗಿದೆ. ಆ ಇಬ್ಬರು ಹೆಂಗಸರ ಹೆಸರಿನ ಮುಂದೆ ತವರೂರು ಬರೆದಿದೆ. ಎರಡೂ ಕರ್ನೂಲು ಹತ್ತಿರದ ಹಳ್ಳಿಗಳು. ಸೊಸೆಯಂದಿರು!

ಟ್ರಂಕಿನ ತಳದಲ್ಲಿ ಇನ್ನೊಂದು ಪುಸ್ತಕ ಸಿಕ್ಕಿತು, ಮೊದಲು ಅಂಗಡಿ ಲೆಕ್ಕ ಅಂದುಕೊಂಡಿದ್ದೆ. ಅದು ಹಿಡಿ ಜೋಳದ ಪುಸ್ತಕ. ದಿನಾ ರೊಟ್ಟಿಗೆ ಹಿಟ್ಟು ಬೀಸುವ ಮುಂಚೆ ಒಂದು ಹಿಡಿ ಜೋಳ ಮಡಕೆಯಲ್ಲಿ ತೆಗೆದಿಟ್ಟು ಭಾನುವಾರ ಗುಡಿಗೆ ತರುವುದು. ಉಪದೇಶಿಯ ಊಟ ನಡೆಯುತ್ತಿದ್ದದ್ದು ಅದರಿಂದ. ತಂದವರ ಹೆಸರೇ ಇಲ್ಲ, ಮನೆ ಗುರುತು ಮಾತ್ರ. "ಸೇದುಬಾವಿ ಮನೆ, 1 ಸೇರು." "ಕುಂಟು ಬೇವಿನ ಮನೆ, ಅರ್ಧ ಸೇರು." "ಮೂಲೆ ಮನೆ, ಈ ವಾರ ಇಲ್ಲ." ಹೀಗೆ ಪುಟಗಟ್ಟಲೆ.

ಕುಂಟು ಬೇವಿನ ಮನೆ ನಮ್ಮದೇ ಅಂತ ಅಮ್ಮ ಹೇಳಿದಳು. ನಾನು ಹುಟ್ಟುವ ಮುಂಚೆಯೇ ಆ ಬೇವು ಬಿದ್ದುಹೋಗಿತ್ತಂತೆ. ಈಗ ದಿನಾ ಸಂಜೆ ಕನ್ನಡಕ ಹಾಕಿಕೊಂಡು ಕೂರುತ್ತಾಳೆ, ನಾನು ಓದುತ್ತೇನೆ, ಅವಳು ಯಾವ ಮನೆ ಅಂತ ಹೇಳುತ್ತಾಳೆ. ಇಲ್ಲಿಯವರೆಗೆ 11 ಮನೆ ಸಿಕ್ಕಿವೆ. ಸೋಮವಾರ ಬೆಳಿಗ್ಗೆ ಆಲೂರಿಗೆ ಹೋಗುತ್ತಿದ್ದೇನೆ, ಕಚೇರಿ ತೆಗೆಯುವ ಹೊತ್ತಿಗೇ.